ಮುಳ್ಳು ನಿಂತ ಕಡೆ: ರಾಯಚೂರು ಸೀಮೆಯಲ್ಲಿ ಹಳೆಯ ಹಾಡುಗಳ ಬಾನುಲಿ ಪೈಪೋಟಿ

ಸಂಸ್ಥೆಯೊಂದರ ಚರಿತ್ರೆ ಬರೆಯುವವರು ಅದರ ಕಟ್ಟಡಕ್ಕೆ ಅಡಿಗಲ್ಲು ಬಿದ್ದ ದಿನದಿಂದ ಶುರು ಮಾಡುವುದು ರೂಢಿ. ರಾಯಚೂರಿನ ಬಾನುಲಿಯ ಮಟ್ಟಿಗೆ ಹಾಗೆ ಮಾಡಿದರೆ ಕತೆಯ ಮುಕ್ಕಾಲು ಪಾಲು ಹೊರಗೇ ಉಳಿಯುತ್ತದೆ. ಜಿಲ್ಲೆಗೆ ಸ್ವಂತ ಕೇಂದ್ರವೊಂದು ಬರುವ ಎಷ್ಟೋ ದಶಕಗಳ ಮೊದಲೇ ಇಲ್ಲಿನ ಜನ ರೇಡಿಯೋ ಹಚ್ಚುತ್ತಿದ್ದರು, ಹಳೆಯ ಹಾಡಿಗಾಗಿ ಮುಳ್ಳು ತಿರುಗಿಸುತ್ತಿದ್ದರು, ಈ ಕೇಂದ್ರ ಬೇಡ ಆ ಕೇಂದ್ರ ಬೇಕು ಎಂದು ನಿರ್ಧರಿಸುತ್ತಿದ್ದರು. ಸರಕಾರದ ಏಕಸ್ವಾಮ್ಯವಿದ್ದ ಆ ಕಾಲದಲ್ಲಿ ಬಾನುಲಿಯಲ್ಲಿ ಪೈಪೋಟಿಯೇ ಇರಲಿಲ್ಲ, ಖಾಸಗಿ ಎಫ್‌ಎಂ ಬಂದಮೇಲೆಯೇ ಅದು ಹುಟ್ಟಿತು ಎಂಬ ಮಾತು ಈಗ ಎಲ್ಲೆಡೆ ಕೇಳುತ್ತದೆ. ಬೇರೆ ಊರುಗಳಿಗೆ ಅದು ಒಪ್ಪೀತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿಗೆ ಒಪ್ಪುವುದಿಲ್ಲ. ಮಧ್ಯಮ ತರಂಗದ ಕಾಲದಲ್ಲಿ ರಾಯಚೂರು, ದೇವದುರ್ಗ, ಮಾನ್ವಿಯ ಕೇಳುಗರ ಮುಂದೆ ನಿಜವಾದ ಪೈಪೋಟಿ ನಡೆದಿತ್ತು; ಅದು ನಡೆದದ್ದೇ ಇಲ್ಲಿ ಸ್ವಂತ ಕೇಂದ್ರ ಇಲ್ಲದ್ದರಿಂದ; ಆ ಪೈಪೋಟಿಯೇ ಈ ಸೀಮೆಯ ಕಿವಿಯನ್ನು ಹದ ಮಾಡಿತು. ಈ ಲೇಖನದ ವಾದ ಇಷ್ಟೇ.

ಮೊದಲು ನಕ್ಷೆಯನ್ನು ನೋಡೋಣ. ರಾಯಚೂರಿನಿಂದ ನೇರ ಗೆರೆ ಎಳೆದರೆ ಕಲಬುರಗಿ ಸುಮಾರು 140 ಕಿಲೋಮೀಟರು, ಹೈದರಾಬಾದು 180, ಧಾರವಾಡ 265, ಬೆಂಗಳೂರು 360. ಅಂದರೆ ರಾಜ್ಯದ ರಾಜಧಾನಿಯ ಅರ್ಧ ದೂರದಲ್ಲಿ ಇನ್ನೊಂದು ರಾಜ್ಯದ ರಾಜಧಾನಿ. ಇನ್ನು ರೇಡಿಯೋದ ಪಟ್ಟಿಯನ್ನು ನೋಡಬೇಕು. ಧಾರವಾಡ 765 ಕಿಲೋಹರ್ಟ್ಸ್, ಹೈದರಾಬಾದು 738, ಎರಡೂ 200 ಕಿಲೋವಾಟಿನ ಪ್ರಸಾರಕಗಳು. ಮಧ್ಯಮ ತರಂಗದಲ್ಲಿ ಕೇಂದ್ರಗಳನ್ನು 9 ಕಿಲೋಹರ್ಟ್ಸ್ ಅಂತರದಲ್ಲಿ ಕೂಡಿಸುತ್ತಾರೆ. ಆ ಲೆಕ್ಕದಲ್ಲಿ ಧಾರವಾಡಕ್ಕೂ ಹೈದರಾಬಾದಿಗೂ ನಡುವೆ ಮೂರೇ ಮೆಟ್ಟಿಲು. ಗುಂಡಿಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಿದರೆ ಕನ್ನಡ ಹೋಗಿ ತೆಲುಗೋ ಉರ್ದುವೋ ಬರುತ್ತಿತ್ತು. ಬಲಕ್ಕೆ ಸರಿಸಿದರೆ ಮತ್ತೆ ಕನ್ನಡ. ಇನ್ನೂ ಬಲಕ್ಕೆ, 1107ರ ಹತ್ತಿರ, ಕಲಬುರಗಿ. ಬೆಂಗಳೂರಿನಲ್ಲಿ ಕುಳಿತವನಿಗೆ ಊರ ಕೇಂದ್ರದ ದನಿಯೇ ಎಲ್ಲಕ್ಕಿಂತ ಗಟ್ಟಿ, ಬೇರೆಯವನ್ನು ಹುಡುಕುವ ಗರಜು ಅವನಿಗಿರಲಿಲ್ಲ. ರಾಯಚೂರಿನವನಿಗೆ ಯಾವ ಕೇಂದ್ರವೂ ಊರಿನದಲ್ಲ, ಆದ್ದರಿಂದ ಎಲ್ಲವೂ ಅವನವೇ. ಹೊತ್ತು ಮುಳುಗಿದ ಮೇಲಂತೂ ಇದು ಇನ್ನೂ ನಿಜ. ಹಗಲಿನಲ್ಲಿ ಮಧ್ಯಮ ತರಂಗವನ್ನು ಹೀರಿಕೊಳ್ಳುವ ವಾಯುಮಂಡಲದ ಮೇಲಿನ ಪದರವೊಂದು ಸೂರ್ಯ ಮುಳುಗುತ್ತಲೇ ಕರಗುತ್ತದೆ. ಆಗ ತರಂಗ ಇನ್ನೂ ಮೇಲಿನ ಪದರಕ್ಕೆ ತಾಗಿ ತಿರುಗಿ ಬಂದು ನೂರಾರು ಕಿಲೋಮೀಟರು ಆಚೆ ಇಳಿಯುತ್ತದೆ. ಹಗಲಲ್ಲಿ ಗೊಣಗುಟ್ಟುತ್ತಿದ್ದ ಧಾರವಾಡ ರಾತ್ರಿ ಅಂಗಳಕ್ಕೇ ಬಂದು ಕೂಡುತ್ತಿದ್ದದ್ದು ಇದರಿಂದಲೇ.

ಇದಕ್ಕೆ ಆಡಳಿತದ ಚರಿತ್ರೆಯೂ ಜತೆಯಾಯಿತು. ನಿಜಾಮ ಸರಕಾರ 1935ರಲ್ಲಿ ತನ್ನ ಕೈಗೆ ತೆಗೆದುಕೊಂಡ ಹೈದರಾಬಾದಿನ ಬಾನುಲಿ ಡೆಕ್ಕನ್ ರೇಡಿಯೋ ಎಂಬ ಹೆಸರಿನಲ್ಲಿ ಬೆಳೆಯಿತು. ಅದರ ಮೊದಲ ಭಾಷೆ ಉರ್ದು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಸಂಸ್ಥಾನ ಭಾರತದಲ್ಲಿ ಸೇರಿತು. 1950ರ ಏಪ್ರಿಲ್ 1ರಂದು ಕೇಂದ್ರವೂ ಆಕಾಶವಾಣಿಗೆ ಸೇರಿತು. ಅದೇ ವರ್ಷ ಜನವರಿ 8ರಂದು ಧಾರವಾಡ ಕೇಂದ್ರ ಶುರುವಾಗಿತ್ತು. ರಾಯಚೂರು ಜಿಲ್ಲೆ ಆಗಿನ್ನೂ ಹೈದರಾಬಾದು ರಾಜ್ಯದಲ್ಲಿತ್ತು, ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು. ಹೀಗೆ ಒಂದೇ ವರ್ಷದ ಮೂರು ತಿಂಗಳ ಅಂತರದಲ್ಲಿ, ಈ ಸೀಮೆಯ ಕೇಳುಗನ ಎರಡು ಬದಿಗೆ ಎರಡು ರಾಜ್ಯಗಳ ಎರಡು ಆಕಾಶವಾಣಿ ಕೇಂದ್ರಗಳು ನಿಂತವು. 1956ರ ನವೆಂಬರ್ 1ರಂದು ರಾಯಚೂರು ಕನ್ನಡ ರಾಜ್ಯಕ್ಕೆ ಬಂತು. ಕಚೇರಿಯ ಕಾಗದದ ಭಾಷೆ, ಶಾಲೆಯ ಭಾಷೆ ಒಂದೊಂದಾಗಿ ಬದಲಾದವು. ಕೇಳುವ ಚಟ ಹಾಗೆ ಬದಲಾಗುವುದಿಲ್ಲ. ಉರ್ದು ಓದಿದ ವಕೀಲರು, ಗದ್ವಾಲದ ಕಡೆಯಿಂದ ಸೊಸೆ ತಂದ ಮನೆಗಳು, ತೆಲುಗಿನಲ್ಲಿ ಲೆಕ್ಕ ಬರೆಯುವ ಅಂಗಡಿಕಾರರು ಹೈದರಾಬಾದನ್ನು ಬಿಡಬೇಕಾದ ಕಾರಣವೇನೂ ಇರಲಿಲ್ಲ. ಈ ಜನರನ್ನು ಕನ್ನಡದ ಕಡೆಗೆ ಎಳೆಯುವ ಕೆಲಸವನ್ನು ಸರಕಾರದ ಆದೇಶ ಮಾಡಲಾರದು, ಹಾಡು ಮಾಡಬೇಕಿತ್ತು. 1966ರಲ್ಲಿ ಗುಲ್ಬರ್ಗಾದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಕೇಂದ್ರ ತೆರೆದಾಗ ಅದರ ಎದುರಿಗಿದ್ದ ಕೆಲಸ ಅದು. ಆ ಕೇಂದ್ರದ ಚರಿತ್ರೆಯನ್ನು ಈ ದೃಷ್ಟಿಯಿಂದ ಯಾರಾದರೂ ವಿವರವಾಗಿ ಬರೆಯಬೇಕು.

ಪೈಪೋಟಿಯ ಅತಿ ದೊಡ್ಡ ಸಾಕ್ಷಿ ಸಿಗುವುದು ಸಮುದ್ರದಾಚೆ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾದಾಗ ಚಿತ್ರಗೀತೆ ಕೇಳುಗರ ಅಭಿರುಚಿಯನ್ನು ಕೆಡಿಸುತ್ತದೆಂದು ಆಕಾಶವಾಣಿಯಲ್ಲಿ ಅದಕ್ಕೆ ಕಡಿವಾಣ ಹಾಕಿದರು. ಶಾಸ್ತ್ರೀಯ ಸಂಗೀತಕ್ಕೆ ಅವರು ತೋರಿದ ಕಾಳಜಿ ಪ್ರಾಮಾಣಿಕವಾದದ್ದು, ಧಾರವಾಡದಂಥ ಕೇಂದ್ರಗಳಿಗೆ ಅದರಿಂದ ಲಾಭವೂ ಆಯಿತು. ಆದರೆ ಹಾಡು ಬೇಕಿದ್ದ ಜನ ಸುಮ್ಮನೆ ಕೂಡಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳಿಗಾಗಿ ಕೊಲಂಬೊದಲ್ಲಿ ನಿಲ್ಲಿಸಿದ್ದ ಬಲವಾದ ಪ್ರಸಾರಕವನ್ನು ಪಡೆದುಕೊಂಡಿದ್ದ ರೇಡಿಯೋ ಸಿಲೋನ್ ಕಿರುತರಂಗದಲ್ಲಿ ಹಿಂದಿ ಚಿತ್ರಗೀತೆಗಳನ್ನು ಹರಿಸಿತು. 1952ರ ಡಿಸೆಂಬರಿನಲ್ಲಿ ಶುರುವಾದ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಬುಧವಾರ ರಾತ್ರಿ 8ಕ್ಕೆ ಇಡೀ ದೇಶವನ್ನು ಒಂದು ಕಡೆ ಕೂಡಿಸಿತು. ನಮ್ಮ ವಿಷಯಕ್ಕೆ ಹೆಚ್ಚು ಬೇಕಾದದ್ದು ಸಿಲೋನಿನ ಬೆಳಗಿನ ಹಳೆಯ ಚಿತ್ರಗೀತೆಗಳ ಕಾರ್ಯಕ್ರಮ. ಕೊನೆಯ ಹಾಡು ಕೆ.ಎಲ್. ಸೈಗಲ್ ಅವರದೇ ಆಗಿರಬೇಕೆಂಬ ನೇಮ ಅದಕ್ಕಿತ್ತು. ಕೊನೆಗೆ ಆಕಾಶವಾಣಿಯೇ ತನ್ನ ನಿಲುವು ಬದಲಿಸಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ಶುರು ಮಾಡಿತು. ಅಲ್ಲಿಯೂ ಬೆಳಗಿನ ಭೂಲೇ ಬಿಸ್ರೇ ಗೀತ್ ಬಂತು, ಅದೂ ಬಹುಕಾಲ ಸೈಗಲ್ ಹಾಡಿನಿಂದಲೇ ಮುಗಿಯುತ್ತಿತ್ತು. 1947ರಲ್ಲಿ ತೀರಿಕೊಂಡ ಗಾಯಕನೊಬ್ಬನನ್ನು ಎರಡು ದೇಶಗಳ ಎರಡು ಕೇಂದ್ರಗಳು ದಿನಾ ಬೆಳಿಗ್ಗೆ ಹಾಗೆ ತಮ್ಮ ಕಡೆಗೆ ಎಳೆದುಕೊಳ್ಳುವುದಕ್ಕೆ ಪೈಪೋಟಿ ಎನ್ನದೆ ಬೇರೇನು ಹೇಳಬೇಕು? ಮೊದಮೊದಲು ಜಾಹೀರಾತಿನ ಹಣ ಒಂದು ಕಡೆ ಮಾತ್ರ ಇತ್ತು, ನಿಜ. ಕೇಳುಗರಿಗಾಗಿ ನಡೆದ ಪೈಪೋಟಿ ಎರಡೂ ಕಡೆ ಇತ್ತು.

ಇಲ್ಲಿ ಹಳೆಯ ಹಾಡು ಎಂದರೇನು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಇಡೀ ಪೈಪೋಟಿಯ ಗುಟ್ಟು ಅಲ್ಲಿದೆ. ಅಮೆರಿಕೆಯಲ್ಲಿ ಹೊಸ ಸಂಗೀತವೆಲ್ಲ ಎಫ್‌ಎಂಗೆ ಸರಿದುಹೋದಾಗ ಎಷ್ಟೋ ಎಎಂ, ಅಂದರೆ ಮಧ್ಯಮ ತರಂಗದ, ಕೇಂದ್ರಗಳು ಹಳೆಯ ಹಾಡನ್ನೇ ಕಸುಬು ಮಾಡಿಕೊಂಡವು. ಒಂದೇ ಊರಿನ ನಾಲ್ಕು ಕೇಂದ್ರಗಳು ಒಂದೇ ಹಾಡುಗಳನ್ನು ಹಿಂದೆ ಮುಂದೆ ಮಾಡಿ ಹಾಕುವ ಪಾಡು ಅಲ್ಲಿಯದು. ನಮ್ಮಲ್ಲಿ ಹಾಗಾಗಲಿಲ್ಲ. ಪ್ರತಿ ಕೇಂದ್ರಕ್ಕೂ ಒಂದು ಧ್ವನಿಮುದ್ರಿಕೆಗಳ ಭಂಡಾರವಿತ್ತು, ಅದರ ಕಪಾಟಿನಲ್ಲಿ ಏನಿತ್ತೋ ಅದೇ ಆ ಕೇಂದ್ರದ ಹಳೆಯ ಹಾಡು. ಅರಗಿನ ಒಂದು ತಟ್ಟೆಯನ್ನು ಕಣ್ಣ ಮುಂದೆ ತಂದುಕೊಳ್ಳಿ: ಹತ್ತು ಇಂಚಿನ ಅಗಲ, ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಕೈ ಜಾರಿದರೆ ಹಂಚಿನಂತೆ ಒಡೆಯುತ್ತದೆ. ಕಾಗದದ ಚೀಲದ ಮೇಲೆ ಕೇಂದ್ರದ ಮೊಹರು, ಸಂಖ್ಯೆ, ಪಕ್ಕದಲ್ಲಿ ಚಿತ್ರದ ಹೆಸರು, ಗಾಯಕರು, ಸಂಗೀತ ನಿರ್ದೇಶಕರು, ಸಾಹಿತ್ಯ. ಉದ್ಘೋಷಕಿ ಹಾಡಿಗೆ ಮೊದಲು ಇದನ್ನೇ ಓದಬೇಕು. ಹುಣಸೂರು ಕೃಷ್ಣಮೂರ್ತಿ, ಕು.ರ. ಸೀತಾರಾಮ ಶಾಸ್ತ್ರಿ, ಚಿ. ಸದಾಶಿವಯ್ಯ, ಆರ್.ಎನ್. ಜಯಗೋಪಾಲ್ ಎಂಬ ಹೆಸರುಗಳು ಬಾಯಿಪಾಠವಾದದ್ದು ಹೀಗೆಯೇ. ಕನ್ನಡ ಚಿತ್ರಗೀತೆ ಬರೆದವರ ಹೆಸರನ್ನು ಊರೂರಿಗೆ ಮುಟ್ಟಿಸಿದ ಶ್ರೇಯಸ್ಸು ಚಿತ್ರಮಂದಿರಕ್ಕಿಂತ ಬಾನುಲಿಗೆ ಸೇರಬೇಕು.

ಕಪಾಟು ಬೇರೆಯಾದ್ದರಿಂದ ಕೇಂದ್ರದ ಗುಣವೂ ಬೇರೆಯಾಯಿತು. ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದ, ದ.ರಾ. ಬೇಂದ್ರೆ ಸಾಹಿತ್ಯ ಸಲಹೆಗಾರರಾಗಿದ್ದ ಧಾರವಾಡದಲ್ಲಿ ಹಳೆಯದೆಂದರೆ ವಚನ, ರಂಗಗೀತೆ, ಭಾವಗೀತೆ, ಹಿಂದೂಸ್ತಾನಿ. ಚಿತ್ರಗೀತೆ ಆ ಮನೆಯ ಒಬ್ಬ ಸದಸ್ಯ ಮಾತ್ರ. ಹೈದರಾಬಾದಿನಲ್ಲಿ ಹಳೆಯದೆಂದರೆ ಗಜಲು, ಖವ್ವಾಲಿ, ಘಂಟಸಾಲ. ರಾತ್ರಿಯ ಉರ್ದು ಕಾರ್ಯಕ್ರಮ ನೈರಂಗ್ ಕೇಳುವುದಕ್ಕಾಗಿ ಊಟ ಬೇಗ ಮುಗಿಸುವ ಮನೆತನಗಳು ರಾಯಚೂರಿನಂಥ ಊರಿನಲ್ಲಿ ಇದ್ದದ್ದು ಸಹಜ. ಸಿಲೋನಿನಲ್ಲಿ ಹಳೆಯದೆಂದರೆ ಸೈಗಲ್, ಶಂಶಾದ್ ಬೇಗಂ, ಸುರಯ್ಯಾ. ಕಲಬುರಗಿಗೆ ಬಂದರೆ ಕಡಕೋಳ ಮಡಿವಾಳಪ್ಪನವರ ತತ್ವಪದ, ದಾಸರ ಪದ, ಜತೆಗೆ ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿ. ಮುಳ್ಳು ಒಂದು ಇಂಚು ಚಲಿಸಿ, ಪಟ್ಟಿ ಒಮ್ಮೆ ಬದಲಾಗುವಷ್ಟರಲ್ಲಿ ನಾಲ್ಕು ನೆನಪುಗಳ ಭಂಡಾರ ತೆರೆದುಕೊಳ್ಳುತ್ತಿತ್ತು. ಈ ಸೀಮೆಯವರು ಒಂದೇ ಉಸಿರಿನಲ್ಲಿ ಮೊಹರಮ್ಮಿನ ಅಲಾಯಿ ಪದವನ್ನೂ ಮಾನ್ವಿ ಜಗನ್ನಾಥದಾಸರನ್ನೂ ಮೆಚ್ಚುವುದನ್ನು ಕಂಡು ಹೊರಗಿನವರು ಬೆರಗಾಗುತ್ತಾರೆ. ಆ ಗುಣಕ್ಕೆ ಬೇರು ಬಾನುಲಿಗಿಂತ ಬಹಳ ಹಳೆಯದು. ಬಾನುಲಿ ಅದಕ್ಕೆ ನೀರು ಹಾಕಿತು ಎಂದಷ್ಟೇ ನಾನು ಹೇಳುತ್ತೇನೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಸಿಲೋನನ್ನು ಬಿಟ್ಟರೆ ಉಳಿದವೆಲ್ಲ ಒಬ್ಬನೇ ಯಜಮಾನನ ಕೇಂದ್ರಗಳು. ಒಂದೇ ಮನೆಯ ಅಣ್ಣತಮ್ಮಂದಿರ ನಡುವೆ ಪೈಪೋಟಿ ಎಂಥದು? ಸೋತ ಕೇಂದ್ರ ಬಾಗಿಲು ಮುಚ್ಚುತ್ತಿರಲಿಲ್ಲ, ಗೆದ್ದ ಕೇಂದ್ರಕ್ಕೆ ಹೆಚ್ಚು ಹಣ ಬರುತ್ತಿರಲಿಲ್ಲ. ಕೇಳುಗ ವರ್ಷಕ್ಕೆ 15 ರೂಪಾಯಿ ಲೈಸೆನ್ಸು ಶುಲ್ಕವನ್ನು ಅಂಚೆ ಕಚೇರಿಯಲ್ಲಿ ಕಟ್ಟುತ್ತಿದ್ದ ಕಾಲದಲ್ಲಿ ಆ ಹಣ ಹೋಗುತ್ತಿದ್ದದ್ದು ಅವನು ಕೇಳುವ ಕೇಂದ್ರಕ್ಕಲ್ಲ, ದೆಹಲಿಗೆ. ಇದೆಲ್ಲ ಸರಿಯೇ. ಆದರೆ ಪೈಪೋಟಿಗೆ ಲಾಭನಷ್ಟವೊಂದೇ ಅಳತೆಯಲ್ಲ. ಒಂದೇ ವಿಶ್ವವಿದ್ಯಾಲಯದ ಎರಡು ಕಾಲೇಜುಗಳು ಪೈಪೋಟಿ ಮಾಡುತ್ತವೆ, ಒಂದೇ ಇಲಾಖೆಯ ಎರಡು ಶಾಲೆಗಳು ಮಾಡುತ್ತವೆ. ಅಲ್ಲಿ ಪಣಕ್ಕಿಟ್ಟದ್ದು ಹೆಸರು. ಕೇಂದ್ರಗಳಿಗೆ ಬರುತ್ತಿದ್ದ ಅಂಚೆ ಕಾರ್ಡುಗಳ ಕಟ್ಟು ಆ ಹೆಸರಿನ ಅಳತೆಯಾಗಿತ್ತು. ಮಿಗಿಲಾಗಿ, ಕಲಾವಿದರಿಗೆ ಇದು ಕಾಗದದ ಮೇಲಿನ ಮಾತಾಗಿರಲಿಲ್ಲ. ಆಡಿಷನ್ನಿಗೆ ಎಲ್ಲಿಗೆ ಹೋಗಬೇಕು, ಯಾವ ಭಾಷೆಯ ವಿಭಾಗದಲ್ಲಿ ಹಾಡಬೇಕು ಎಂಬುದು ಜೀವನದ ದಾರಿಯನ್ನೇ ತಿರುಗಿಸುವ ಪ್ರಶ್ನೆ. ಇದೇ ಜಿಲ್ಲೆಯ ಸಿದ್ಧರಾಮ ಜಂಬಲದಿನ್ನಿಯವರಂಥ ಹಿಂದೂಸ್ತಾನಿ ಗಾಯಕರ ಹೆಸರು ಇವತ್ತು ರಾಯಚೂರಿನ ಜಿಲ್ಲಾ ರಂಗಮಂದಿರಕ್ಕಿದೆ. ಅಂಥ ಕಂಠಕ್ಕೆ ಕಿವಿಗೊಡುವ ಜನ ಹತ್ತಿ ಅಡತಿಯ ಊರಿನಲ್ಲಿ ತಯಾರಾಗಿದ್ದರು ಎಂಬುದರ ಹಿಂದಿನ ಕಾರಣಗಳಲ್ಲಿ ರೇಡಿಯೋದ ರಾತ್ರಿ ಕಚೇರಿಗಳೂ ಒಂದು.

ಎರಡನೆಯ ಆಕ್ಷೇಪ: ಇದೆಲ್ಲ ರಾಯಚೂರು ಪೇಟೆಯ ಮಾತು, ದೇವದುರ್ಗ ಮತ್ತು ಮಾನ್ವಿಯ ಹಳ್ಳಿಗಳಲ್ಲಿ ರೇಡಿಯೋ ಎಷ್ಟಿದ್ದವು? ಬಡತನದ ಲೆಕ್ಕದಲ್ಲಿ ಈ ಮಾತನ್ನು ತಳ್ಳಿಹಾಕುವಂತಿಲ್ಲ. ವಾಲ್ವಿನ ಪೆಟ್ಟಿಗೆಗೆ ಕರೆಂಟು ಬೇಕು, ಇಲ್ಲವೆ ಭಾರದ ಬ್ಯಾಟರಿ ಬೇಕು. ಎರಡೂ ಉಳ್ಳವರ ಮನೆಯವು. ಟ್ರಾನ್ಸಿಸ್ಟರ್ ಬಂದಮೇಲೆ ಮಾತ್ರ ಚಿತ್ರ ಬದಲಾಯಿತು, ಅದೂ ಸೆಲ್ಲು ಕೊಳ್ಳುವ ಕೈ ಇದ್ದವರಿಗೆ. ಆದರೆ ರೇಡಿಯೋ ಇದ್ದ ಮನೆಗಳನ್ನು ಎಣಿಸಿ ಕೇಳುಗರನ್ನು ಅಳೆಯುವುದು ಪಟ್ಟಣದವರ ಅಳತೆ. ಹೋಟೆಲಿನ ಹಲಗೆಯ ಮೇಲೆ, ಕಟಿಂಗ್ ಅಂಗಡಿಯಲ್ಲಿ, ಪಂಚಾಯಿತಿಯ ಸಮುದಾಯ ರೇಡಿಯೋದ ಮುಂದೆ ಒಂದು ಪೆಟ್ಟಿಗೆಗೆ ಇಪ್ಪತ್ತು ಜೊತೆ ಕಿವಿ. ಅಲ್ಲಿ ಯಾವ ಕೇಂದ್ರ ಹಿಡಿಯಬೇಕು ಎಂಬುದು ಒಬ್ಬನ ಇಷ್ಟದಿಂದ ತೀರ್ಮಾನವಾಗುತ್ತಿರಲಿಲ್ಲ, ಹೆಚ್ಚು ಜನ ಬೇಡವೆಂದರೆ ಹೋಟೆಲಿನವನೇ ಗುಂಡಿ ತಿರುಗಿಸಬೇಕಿತ್ತು. ಹಾಗೆ ನೋಡಿದರೆ ಪೈಪೋಟಿ ಹೆಚ್ಚು ಬಿರುಸಾಗಿದ್ದದ್ದು ರೇಡಿಯೋ ಕಡಿಮೆ ಇದ್ದ ಕಡೆಯೇ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಮಾನ್ವಿ ಕಡೆಯ ಹೊಲಗಳನ್ನು ಗದ್ದೆ ಮಾಡಿದಾಗ ಹಣದ ಜತೆ ಟ್ರಾನ್ಸಿಸ್ಟರೂ ಬಂತು, ಪಂಪ್‌ಸೆಟ್ಟೂ ಬಂತು. ಪಂಪ್‌ಸೆಟ್ಟಿನ ಮೋಟಾರು ಚಾಲೂ ಆದ ಕೂಡಲೆ ಮಧ್ಯಮ ತರಂಗದಲ್ಲಿ ಗರ್ರೆನ್ನುವ ಸದ್ದು ತುಂಬುತ್ತದೆ. ಹಾಡಿಗೂ ನೀರಿಗೂ ಹೊಲದಲ್ಲಿ ಹೀಗೊಂದು ತಕರಾರು ಇತ್ತು.

ಆಮೇಲೆ ಎಫ್‌ಎಂ ಬಂತು. 1984ರಲ್ಲಿ ತಮಿಳುನಾಡಿನ ನಾಗರಕೋಯಿಲಿನಲ್ಲಿ ಆಕಾಶವಾಣಿ ಶುರು ಮಾಡಿದ ಸ್ಥಳೀಯ ಕೇಂದ್ರದ ಪ್ರಯೋಗ ಮುಂದೆ ದೇಶದ ಜಿಲ್ಲೆಗಳಿಗೆ ಹಬ್ಬಿತು, ಆ ಸಾಲಿನಲ್ಲಿ ರಾಯಚೂರಿಗೂ ಒಂದು ಕೇಂದ್ರ ದೊರೆಯಿತು. ಇದರಿಂದ ಆದ ಲಾಭವನ್ನು ಕಡಿಮೆ ಮಾಡಿ ಹೇಳುವುದು ಕೃತಘ್ನತೆ. ಖರಖರ ಇಲ್ಲದ ದನಿ ಮೊದಲ ಬಾರಿಗೆ ಕೇಳಿಸಿತು. ಕೋರಿಕೆಯ ಚಿತ್ರಗೀತೆಯಲ್ಲಿ ಗಬ್ಬೂರು, ಅರಕೇರಾ, ಕವಿತಾಳ, ಸಿರವಾರದಂಥ ಊರುಗಳ ಹೆಸರು ಓದುವುದು ಎಲ್ಲೋ ಅಪರೂಪಕ್ಕೆ ಬರುವ ಭಾಗ್ಯವಾಗಿ ಉಳಿಯಲಿಲ್ಲ. ಧಾರವಾಡದ ದನಿಯಲ್ಲಿ ನಮ್ಮೂರಿನ ಹೆಸರು ಬಂದರೆ ಸಂತೋಷ. ನಮ್ಮದೇ ದನಿಯಲ್ಲಿ ಬಂದರೆ ಅದು ಹಕ್ಕು. ಆದರೆ ಎಫ್‌ಎಂ ತರಂಗ ನೇರ ನೋಟದಷ್ಟೇ ದೂರ ಹೋಗುತ್ತದೆ, ರಾತ್ರಿಯಾದರೂ ಆಕಾಶಕ್ಕೆ ತಾಗಿ ತಿರುಗಿ ಬರುವುದಿಲ್ಲ. ರಾಯಚೂರಿನಿಂದ ಮಾನ್ವಿ ನೇರ ದಾರಿಯಲ್ಲಿ 40 ಕಿಲೋಮೀಟರು, ದೇವದುರ್ಗ 50. ಜಿಲ್ಲಾ ಮಟ್ಟದ ಸಣ್ಣ ಪ್ರಸಾರಕಕ್ಕೆ ಇದು ಅಂಚಿನ ದೂರ. ದೇವದುರ್ಗದಾಚೆಯ ಕೃಷ್ಣಾ ತೀರದ ಹಳ್ಳಿಗಳಲ್ಲಿ ದನಿ ಕ್ಷೀಣಿಸುವುದು ಭೌತಶಾಸ್ತ್ರದ ಫಲ. ಮುಂದೆ ಮಧ್ಯಮ ತರಂಗದ ಹಳೆಯ ಪ್ರಸಾರಕಗಳನ್ನು ಪ್ರಸಾರ ಭಾರತಿ ದೇಶದಲ್ಲಿ ಹಂತಹಂತವಾಗಿ ಕೈಬಿಡತೊಡಗಿತು, ಮಾರಾಟಕ್ಕೆ ಬರುವ ಎಷ್ಟೋ ಹೊಸ ರೇಡಿಯೋಗಳಲ್ಲಿ ಎಎಂ ಪಟ್ಟಿ ಇಲ್ಲವಾಯಿತು, ಮೊಬೈಲುಗಳಲ್ಲಂತೂ ಅದು ಇರಲೇ ಇಲ್ಲ. ಸ್ವಂತ ಕೇಂದ್ರ ಬಂದ ಸಂಭ್ರಮದಲ್ಲಿ, ಸುತ್ತಲಿನ ಕೇಂದ್ರಗಳು ದೂರವಾದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಹಳೆಯ ಹಾಡು ಬೇಕಿದ್ದರೆ ಮೊಬೈಲಿನಲ್ಲಿ ಎಲ್ಲವೂ ಇದೆಯಲ್ಲ, ಈ ಗೋಳು ಯಾಕೆ ಎಂದು ಕೇಳುವವರಿದ್ದಾರೆ. ಹಾಡು ಸಿಗುತ್ತದೆ ಎಂಬುದು ನಿಜ, ಮೊದಲಿಗಿಂತ ನೂರು ಪಾಲು ಹೆಚ್ಚು ಸಿಗುತ್ತದೆ. ಆದರೆ ಮೊಬೈಲಿನಲ್ಲಿ ಹುಡುಕಬೇಕಾದರೆ ಏನು ಬೇಕೆಂಬುದು ಮೊದಲೇ ಗೊತ್ತಿರಬೇಕು. ಸೈಗಲ್ ಹೆಸರನ್ನೇ ಕೇಳದ ಹುಡುಗ ಸೈಗಲ್‌ನನ್ನು ಹುಡುಕಲಾರ. ಒಮ್ಮೆ ಕೇಳಿದ ಮೇಲೆ ಯಂತ್ರ ಅದರಂಥದನ್ನೇ ಮತ್ತೆ ಮತ್ತೆ ಕೊಡುತ್ತದೆ. ಧಾರವಾಡಕ್ಕೆಂದು ತಿರುಗಿಸಿದ ಮುಳ್ಳು ಕೈತಪ್ಪಿ ಹೈದರಾಬಾದಿನಲ್ಲಿ ನಿಂತು, ಬೇಡದೆಯೇ ಒಂದು ಖವ್ವಾಲಿ ಮನೆಯೊಳಗೆ ಬರುವ ಸಂಗತಿ ಅಲ್ಲಿ ನಡೆಯುವುದಿಲ್ಲ. ಇನ್ನೊಬ್ಬರು ಆರಿಸಿದ್ದನ್ನು, ಊರೆಲ್ಲ ಅದೇ ಹೊತ್ತಿಗೆ ಕೇಳುತ್ತಿದೆ ಎಂಬ ಅರಿವಿನಲ್ಲಿ ಕೇಳುವುದು ಬೇರೆಯೇ ಬಗೆಯ ಕೇಳ್ಮೆ.

ಮುಂದಿನ ಅಧ್ಯಾಯ ಹತ್ತಿರ ಬಂದಿದೆ. ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿ ಹೇಳಿತು. 2001ರಲ್ಲಿ ಬೆಂಗಳೂರಿನಿಂದ ಖಾಸಗಿ ಎಫ್‌ಎಂ ಶುರುವಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 234 ಹೊಸ ಊರುಗಳಲ್ಲಿ 730 ಖಾಸಗಿ ವಾಹಿನಿಗಳ ಹರಾಜಿಗೆ ಒಪ್ಪಿತು, ಆ ಪಟ್ಟಿಯಲ್ಲಿ ರಾಯಚೂರೂ ಇದೆ. ಎಎಂ ಪಟ್ಟಿಯನ್ನು ಖಾಸಗಿಯವರಿಗೆ ಸ್ವತಂತ್ರ ಭಾರತ ಎಂದೂ ತೆರೆದಿಲ್ಲ, ತೆರೆಯುವ ಸೂಚನೆಯೂ ಇಲ್ಲ. ಹಾಗಾಗಿ ಪೈಪೋಟಿ ಇನ್ನು ನಡೆದರೆ ಎಫ್‌ಎಂನಲ್ಲೇ. ಅಲ್ಲಿ ಬರುವ ವಾಹಿನಿಗಳೆಲ್ಲ ಬೆಂಗಳೂರಿನಲ್ಲಿ ತಯಾರಾದ ಒಂದೇ ಪಟ್ಟಿಯ ಹಾಡುಗಳನ್ನು ಹಾಕಿದರೆ ಆಯ್ಕೆ ಹೆಚ್ಚಿದಂತೆ ಕಂಡೀತೇ ಹೊರತು ಹೆಚ್ಚುವುದಿಲ್ಲ. ಹಿಂದಿನ ಕೇಂದ್ರಗಳು ಗೆದ್ದದ್ದು ತಮ್ಮ ಕಪಾಟಿನಲ್ಲಿ ಮಾತ್ರ ಇದ್ದದ್ದರಿಂದ. ಈ ಜಿಲ್ಲೆಯ ಕಪಾಟಿನಲ್ಲಿ ಮಾತ್ರ ಇರಬಹುದಾದದ್ದು ಯಾವುದೆಂದು ಕೇಳಿದರೆ ಉತ್ತರ ಎದುರಿಗೇ ಇದೆ: ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು, ಇವರ ಪದಗಳನ್ನು ಅವರ ಊರಿನವರೇ ಹಾಡುವ ಧಾಟಿ, ಅಲಾಯಿ ಕುಣಿತದ ಪದ, ಬೀಸುವ ಕಲ್ಲಿನ ಪದ, ಬಯಲಾಟದ ಮಾತು. ಸ್ಥಳೀಯ ಬಾನುಲಿ ಕೇಂದ್ರವೊಂದು ಇವನ್ನು ದಾಖಲಿಸಿದಾಗ ಪೆಟ್ಟಿಗೆಯ ಮೇಲೆ ಹಾಡಿದವರ ಹೆಸರು, ಊರು, ತಾರೀಖು ಬರೆದಿಡುವುದು ಮೊದಲ ಕೆಲಸ; ಹಳೆಯ ಟೇಪುಗಳಿಗೆ ಬೂಷ್ಟು ಹಿಡಿಯುವ ಮೊದಲು ಅವನ್ನು ಗಣಕಕ್ಕೆ ಏರಿಸುವುದು ಎರಡನೆಯದು. ಕಲಬುರಗಿಯ ಭಂಡಾರದಲ್ಲಿ ರಾಯಚೂರು, ದೇವದುರ್ಗ, ಮಾನ್ವಿ ತಾಲ್ಲೂಕುಗಳ ಕಲಾವಿದರ ದನಿ ಏನೇನಿದೆ ಎಂಬ ಒಂದು ಪಟ್ಟಿಯಾದರೆ, ಅದರ ಒಂದು ಪ್ರತಿ ರಾಯಚೂರಿನಲ್ಲೂ ಇರಬೇಕು.